ಚೆಂಡಿನ ಪಿಕ್ಚರು, ಯಾವುದು ದೊಡ್ಡದು?

ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಒಂದು ತೆಂಗಿನ ಕೊತ್ತಳಿಗೆ ಬಿದ್ದಿತ್ತು. ಮಡಲಿನ ಬುಡದ ಆ ದಪ್ಪ ತುಂಡನ್ನು ಪಕ್ಕದ ಮನೆಯ ಮಕ್ಕಳು ಬ್ಯಾಟು ಮಾಡಿಕೊಂಡು ಆಡಿ, ಅಲ್ಲೇ ಬಿಟ್ಟು ಹೋಗಿದ್ದರು. ಬಚ್ಚಲಿನ ಒಲೆಗಾದರೂ ಆದೀತು ಎಂದು ಎತ್ತಿಕೊಂಡೆ. ಎತ್ತಿಕೊಂಡವನು ಸುಮ್ಮನೆ ಒಳಗೆ ಬರಬೇಕೋ ಬೇಡವೋ? ಎರಡೂ ಕೈಯಲ್ಲಿ ಅದನ್ನು ಹಿಡಿದು ಭುಜದ ಮೇಲಕ್ಕೆ ಎತ್ತಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಗೇಟಿನ ಕಡೆಗೆ ದುರುಗುಟ್ಟಿ ನೋಡುತ್ತ ನಿಂತುಬಿಟ್ಟೆ. ಹಾಲು ತಂದ ಬಾಬು ಗೇಟಿನ ಹೊರಗೇ ನಿಂತ.

"ಎಂತ ಮಾಸ್ಟ್ರೆ, ಹಾವಾ?"

"ಅಲ್ಲ ಮಾರಾಯ, ಚೆಂಡು."

"ಚೆಂಡು ಎಲ್ಲಿ ಉಂಟು?"

"ಬರ್ಲಿಕ್ಕುಂಟು."

ಬಾಬು ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಹಾಲಿನ ಪಾತ್ರೆಯನ್ನು ಗೇಟಿನ ಕಂಬದ ಮೇಲೆ ಇಟ್ಟು, ಒಳಗೆ ಕಾಲಿಡದೆ ಹೋದ. ಊರಿನಲ್ಲಿ ಅವನು ಇದನ್ನು ಹೇಗೆ ಹೇಳುತ್ತಾನೆ ಎಂದು ನನಗೆ ಗೊತ್ತು. ಹೇಳಲಿ. ಈ ಪ್ರಾಯದಲ್ಲಿ ನನ್ನ ಬಗ್ಗೆ ಯಾರಾದರೂ ಏನಾದರೂ ಹೇಳುವುದೇ ಒಂದು ಮರ್ಯಾದೆ.

ಹಾಗೆ ನಿಲ್ಲುವುದು ಕ್ರಿಕೆಟ್ಟಿನಲ್ಲಿ ಅಲ್ಲ, ಅಮೆರಿಕದವರ ಬೇಸ್‌ಬಾಲಿನಲ್ಲಿ. ಈ ಹೆಸರು ನನಗೆ ಸಿಕ್ಕಿದ್ದು ಟಿವಿ ಬಂದ ಮೇಲೆ. ಆದರೆ ಆ ನಿಲುವು ಗೊತ್ತಾದದ್ದು ಅದಕ್ಕಿಂತ ಎಷ್ಟೋ ಮೊದಲು, ಮಮ್ಮುಂಞಿ ಕಾಕನ ಟೆಂಟ್ ಸಿನೆಮಾದಲ್ಲಿ, ಕೊಯ್ಲಾದ ಗದ್ದೆಯ ಕೂಳೆಗಳ ಮೇಲೆ ಕೂತು. ಅರುವತ್ತರ ದಶಕದ ಶುರುವಿನ ಮಾತು. ಚೆಂಡಿನ ಪಿಕ್ಚರುಗಳಲ್ಲಿ ಯಾವುದು ದೊಡ್ಡದು ಎಂಬ ವಿಷಯದ ಮೇಲೆ ಒಂದು ಭಾರೀ ತರ್ಕ ನಡೆದದ್ದೂ ಆ ಕಾಲದಲ್ಲೇ. ಆ ತರ್ಕದ ನಡುವೆ ನನ್ನ ಮದುವೆ ಸಿಕ್ಕಿಹಾಕಿಕೊಂಡು ಒದ್ದಾಡಿದ ಕತೆಯನ್ನು ನಿಮಗೆ ಹೇಳಬೇಕು. ಆದರೆ ಅವಸರ ಮಾಡಬೇಡಿ, ನನಗೆ ಅವಸರದಲ್ಲಿ ಹೇಳಲು ಬರುವುದಿಲ್ಲ.

ನಮ್ಮ ಕಡೆ ಆಗ ಪಿಕ್ಚರಿನ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ. ಹೆಚ್ಚಿನವು ಬೇರೆ ಭಾಷೆಯವು, ಹೆಸರು ನಾಲಗೆಗೆ ಒಗ್ಗುತ್ತಿರಲಿಲ್ಲ. ಅದರೊಳಗೆ ಏನಿತ್ತೋ ಅದೇ ಅದರ ಹೆಸರು. ಕುದುರೆ ಪಿಕ್ಚರು, ಕತ್ತಿ ಪಿಕ್ಚರು, ಅತ್ತೆ ಬಾವಿಗೆ ಬಿದ್ದ ಪಿಕ್ಚರು. ಒಂದಕ್ಕೆ 'ಮಳೆ ಬಂದ ಪಿಕ್ಚರು' ಎಂದೇ ಹೆಸರು. ಮಳೆ ಬಂದದ್ದು ಪಿಕ್ಚರಿನೊಳಗಲ್ಲ, ಟೆಂಟಿನೊಳಗೆ.

ಚೆಂಡಿನ ವಿಷಯಕ್ಕೆ ಬಂದರೆ, ನಮ್ಮ ಬಾಲ್ಯದ ಚೆಂಡು ಅಂಗಡಿಯದ್ದಲ್ಲ. ಸಂಪಾಜೆಯ ದಾರಿಯಲ್ಲಿ ರಬ್ಬರ್ ತೋಟವೊಂದಿತ್ತು. ಮರದ ಗಾಯದಲ್ಲಿ ಒಣಗಿ ನಿಂತ ಹಾಲಿನ ಎಳೆಗಳನ್ನು ಕಿತ್ತು ತಂದು, ಒಂದರ ಮೇಲೊಂದು ಸುತ್ತಿ ಸುತ್ತಿ ಚೆಂಡು ಮಾಡುತ್ತಿದ್ದೆವು. ಅದಕ್ಕೆ ಒಂದು ಬಗೆಯ ವಾಸನೆ. ಅಂಗಿಯ ಕಿಸೆಯಲ್ಲಿಟ್ಟರೆ ಅವ್ವನಿಗೆ ಅಡಿಗೆ ಕೋಣೆಯಲ್ಲೇ ಗೊತ್ತಾಗುತ್ತಿತ್ತು. ಅದು ನೆಲಕ್ಕೆ ಬಿದ್ದರೆ ಎತ್ತ ಹಾರುತ್ತದೆ ಎಂದು ದೇವರಿಗೂ ಹೇಳಲು ಸಾಧ್ಯವಿರಲಿಲ್ಲ. ಒಂದು ದಿನ ಸಂಜೆ ನಮ್ಮ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿದ್ದಾಗ ನಾನು ಹೊಡೆದ ಚೆಂಡು ಅಂಗಳದಿಂದ ಹಾರಿ ಬಂದು ನೇರವಾಗಿ ಮದ್ದಳೆಯ ಮೇಲೆ ಬಿತ್ತು. ಧೊಂ ಎಂದಿತು. ನನ್ನ ಜೀವ ಹಾರಿಹೋಯಿತು. ಆಗ ಅರ್ಥ ಹೇಳುತ್ತಿದ್ದವರು ನನ್ನ ಸೋದರಮಾವ ಬೆಳ್ಯಪ್ಪ ಗೌಡರು. ಅವರು ಒಂದು ಉಸಿರೂ ತಪ್ಪದೆ ಎದುರಾಳಿಯ ಕಡೆ ಕೈ ತೋರಿಸಿ, "ನೋಡು, ನಿನ್ನ ಸುಳ್ಳನ್ನು ತಾಳಲಾರದೆ ಆಕಾಶವೇ ಕಲ್ಲೆಸೆಯಿತು!" ಎಂದರು. ಕೂತವರೆಲ್ಲ ಕೈ ತಟ್ಟಿದರು. ನನಗೆ ಪೆಟ್ಟು ಬೀಳಲಿಲ್ಲ.

ತಾಳಮದ್ದಳೆ ನೋಡದವರಿಗೆ ಒಂದು ಮಾತು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಉಟ್ಟು ಎದುರುಬದುರು ಕೂತವರು ಪಾತ್ರಗಳಾಗಿ ಮಾತಿನಲ್ಲೇ ಯುದ್ಧ ಮಾಡುತ್ತಾರೆ; ಅರ್ಥ ಹೇಳುವುದು ಎಂದರೆ ಅದೇ. ಬರೆದುಕೊಂಡ ಮಾತಲ್ಲ, ಅಲ್ಲೇ ಹುಟ್ಟಬೇಕು. ಅಪ್ಪ ಬೇಗ ತೀರಿಕೊಂಡದ್ದರಿಂದ ನಾನು ಬೆಳೆದದ್ದು ಈ ಮಾವನ ಮನೆಯಲ್ಲಿ. ಮನೆಯಲ್ಲಿ ಆಡುವುದು ನಮ್ಮ ಗೌಡರ ಅರೆಭಾಷೆ, ಅಂಗಡಿಯಲ್ಲಿ ತುಳು, ಚಾವಡಿಯಲ್ಲಿ ಮಾವನ ಕನ್ನಡ. ನಾನು ಮುಂದೆ ಶಾಲೆಯ ಮಾಸ್ತರನಾಗಿ ಮಕ್ಕಳಿಗೆ ಕಲಿಸಿದ ಕನ್ನಡವೆಲ್ಲ ಆ ಚಾವಡಿಯ ಕಂಬಕ್ಕೆ ಒರಗಿ ಕೇಳಿದ್ದು.

ಈಗ ಕಾಕನ ಟೆಂಟಿಗೆ ಹೋಗುವ. ಮಮ್ಮುಂಞಿ ಕಾಕ ಪುತ್ತೂರಿನ ಬ್ಯಾರಿ. ಮಳೆಗಾಲದಲ್ಲಿ ಒಣಮೀನಿನ ವ್ಯಾಪಾರ, ಮಳೆ ನಿಂತರೆ ಸಿನೆಮಾ. ಎರಡಕ್ಕೂ ಗೋಣಿ ಒಂದೇ ಎಂದು ಟೆಂಟಿನೊಳಗೆ ಕೂತವರ ಮೂಗು ಹೇಳುತ್ತಿತ್ತು. ಆ ವರ್ಷ ಋತುವಿನ ಕೊನೆಗೆ ಒಂದು ಭರ್ಜರಿ ಕತ್ತಿ ಪಿಕ್ಚರು ಬರುತ್ತದೆ ಎಂದು ಅವರು ನಮ್ಮ ಸುಳ್ಯದಲ್ಲೆಲ್ಲ ಪೋಸ್ಟರ್ ಅಂಟಿಸಿದ್ದರು. ರೀಲಿನ ಪೆಟ್ಟಿಗೆ ಬಂತು. ಆಮೇಲೆ ಕಾಕನೇ ನಮ್ಮ ಮನೆಗೆ ಬಂದರು.

"ಗೌಡ್ರೆ, ಪೆಟ್ಟಿಗೆ ತಪ್ಪಿದೆ. ತೆಗೆದ್ರೆ ಕತ್ತಿ ಇಲ್ಲ, ದೊಣ್ಣೆ."

"ದೊಣ್ಣೆ ಆದ್ರೆ ಎಂತ? ಹೊಡೀತಾರಲ್ಲ?" ಎಂದರು ಮಾವ.

"ಹೊಡೀತಾರೆ. ಮನುಷ್ಯರಿಗಲ್ಲ, ಚೆಂಡಿಗೆ. ಹೊಡೆದು ಮತ್ತೆ ಓಡ್ತಾರೆ."

"ಹೊಡೆದವನೇ ಓಡುದಾ?"

"ಅವನೇ! ಅದೇ ನಂಗೂ ತಲೆಗೆ ಹೋಗ್ಲಿಲ್ಲ. ಮಾತೆಲ್ಲ ಇಂಗ್ಲಿಷು. ಪುತ್ತೂರಲ್ಲಿ ಇಂಗ್ಲಿಷ್ ಗೊತ್ತಿದ್ದ ಒಬ್ರನ್ನು ನಿಲ್ಲಿಸಿ ಹೇಳಿಸಿದೆ. ಮೂರೇ ದಿನದಲ್ಲಿ ಟೆಂಟು ಖಾಲಿ."

ಪುತ್ತೂರಿನ ಆ ಆಟವನ್ನು ನಾನು ನೋಡಿದ್ದೆ. ಶಾಲೆಯ ಕೆಲಸಕ್ಕೆಂದು ಹೋದವನು ಸಂಜೆ ಟೆಂಟಿಗೆ ನುಗ್ಗಿದ್ದೆ. ಅಲ್ಲಿ ಅರ್ಥ ಹೇಳಿದವರು ವಕೀಲರೊಬ್ಬರ ಗುಮಾಸ್ತರು. ಪ್ರಾಮಾಣಿಕ ಮನುಷ್ಯ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. "ಈಗ ಅವನು, ನಾಳೆ ಮಳೆ ಬರಬಹುದು ಎನ್ನುತ್ತಾನೆ. ಇವನು, ಹೌದು ಬರಬಹುದು ಎನ್ನುತ್ತಾನೆ." ಪಕ್ಕದಲ್ಲಿ ಕೂತಿದ್ದ ಒಬ್ಬರು, "ಇದನ್ನು ಕೇಳ್ಲಿಕ್ಕೆ ಟಿಕೆಟ್ ಯಾಕೆ, ನಮ್ಮ ಮನೆ ಜಗಲಿ ಸಾಕಲ್ಲ" ಎಂದು ಎದ್ದುಹೋದರು.

ಕಾಕ ಮಾವನ ಕೈ ಹಿಡಿದುಕೊಂಡರು. "ನೀವೇ ಕಾಪಾಡ್ಬೇಕು ಗೌಡ್ರೆ. ನೀವು ಪರದೆ ಬದಿಯಲ್ಲಿ ನಿಂತು ಅರ್ಥ ಹೇಳಿ."

"ಇಂಗ್ಲಿಷ್ ನಂಗೆ ಬರುದಿಲ್ಲ ಕಾಕ."

"ಅದಕ್ಕೇ ನಿಮ್ಮ ಹತ್ರ ಬಂದದ್ದು!"

ಮಾವ ಒಂದು ಸಂಜೆ ಪಿಕ್ಚರನ್ನು ಪೂರ್ತಿ ನೋಡಿದರು. ಮರುದಿನ ಬಿಳಿ ಜುಬ್ಬ, ಹೆಗಲಿಗೆ ಶಾಲು ಹಾಕಿಕೊಂಡು ಪರದೆಯ ಬದಿಯಲ್ಲಿ ನಿಂತರು. ಅವತ್ತು ನಾವು ನೋಡಿದ ಪಿಕ್ಚರು ಪುತ್ತೂರಿನಲ್ಲಿ ನಾನು ನೋಡಿದ್ದಲ್ಲವೇ ಅಲ್ಲ. ಟೊಪ್ಪಿ ಹಾಕಿದ ಆ ಉದ್ದ ಕಾಲಿನ ಹುಡುಗ, ಅಪ್ಪನ ಕಾಲದಲ್ಲಿ ಕೈತಪ್ಪಿದ ಮನೆಯನ್ನು ಮರಳಿ ಪಡೆಯಲು ಹೊರಟ ಮಗನಾದ. ಮೈದಾನದ ಮೂರು ಮೂಲೆಯಲ್ಲಿ ಇಟ್ಟ ಗುರುತುಗಳು ಮೂರು ಕಟ್ಟೆಗಳಾದವು. ಮೂರೂ ಕಟ್ಟೆಯಲ್ಲಿ ವೈರಿಗಳ ಕಾವಲು. ಮೂರನ್ನು ದಾಟಿ ಹೊರಟಲ್ಲಿಗೇ ಬಂದು ಮುಟ್ಟಿದರೆ ಅದು ಮನೆ. ಹೊಡೆದವನೇ ಯಾಕೆ ಓಡುವುದು ಎಂಬ ಕಾಕನ ಪ್ರಶ್ನೆ ಹಾಗೆ ಬಗೆಹರಿಯಿತು. ಹುಡುಗನ ಬೆನ್ನ ಹಿಂದೆ ಮುಖಕ್ಕೆ ಜಾಲರಿ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ ಕೂತು, ತೊಡೆಯ ಸಂದಿಯಲ್ಲಿ ಬೆರಳಿನ ಸನ್ನೆ ಮಾಡುವ ಒಬ್ಬನಿದ್ದನಲ್ಲ, ಅವನು ಒಳಸಂಚುಗಾರನಾದ. ಮಾವ ಅವನ ಕಡೆಗೆ ತಿರುಗಿ, "ಎಲವೋ, ಮುಖ ತೋರಿಸಲಾರದವನಿಗೆ ಬೆನ್ನ ಹಿಂದೆ ಕೂರುವುದೊಂದೇ ಗತಿಯಲ್ಲವೇ?" ಎಂದಾಗ ನೆಲದಲ್ಲಿ ಕೂತವರು ಪರದೆಗೆ ಮಣ್ಣು ಎಸೆದರು.

ರೀಲು ಮುಗಿದರೂ ಮಾವ ಮುಗಿಯುತ್ತಿರಲಿಲ್ಲ. ಮೆಷಿನಿನವನು ಮುಂದಿನ ರೀಲು ಹಾಕಿದರೆ ಜನ, "ಸ್ವಲ್ಪ ನಿಲ್ಲಿಸಿ ಮಾರಾಯ್ರೆ, ಗೌಡ್ರ ಮಾತು ಆಗ್ಲಿ!" ಎಂದು ಕೂಗುತ್ತಿದ್ದರು. ಒಂದೇ ಒಂದು ಕಡೆ ಮಾವ ಸೋಲುತ್ತಿದ್ದರು. ಆಟದ ನಡುವೆ ಎಲ್ಲಿಂದಲೋ ಒಂದು ನಾಯಿ ನುಗ್ಗಿ ಚೆಂಡನ್ನು ಕಚ್ಚಿಕೊಂಡು ಓಡುತ್ತದೆ. ಅದಕ್ಕೆ ಏನು ಅರ್ಥ ಹೇಳುವುದು? ನಾಯಿ ಬಂದ ಕೂಡಲೇ ಮಾವ ಕೆಮ್ಮುತ್ತಿದ್ದರು.

ಪಿಕ್ಚರು ಸುಳ್ಯದಲ್ಲಿ ಮಳೆ ಬರುವವರೆಗೂ ಓಡಿತು. ಸಂಪಾಜೆಯಿಂದ ಲಾರಿ ಹತ್ತಿ ಬಂದು ನೋಡಿದವರಿದ್ದರು. ಕೊನೆಗೆ ಕಾಕ, ಪೆಟ್ಟಿಗೆ ಮಂಗಳೂರಿಗೆ ವಾಪಸು ಹೋಯಿತು ಎಂದು ಹೇಳಿ ಟೆಂಟು ಬಿಚ್ಚಿದರು. ಮಾವನ ಮಟ್ಟಿಗೆ ಅದು ಅವರದೇ ಪಿಕ್ಚರು.

ಮರುವರ್ಷದ ಬೇಸಗೆಯಲ್ಲಿ ನನಗೆ ಹೆಣ್ಣು ನೋಡುವುದೆಂದಾಯಿತು. ಕಡಬದ ಹತ್ತಿರದ ಮೋನಪ್ಪ ಗೌಡರ ಒಬ್ಬಳೇ ಮಗಳು ದೇವಕಿ. ಅವಳನ್ನು ನಾನು ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆಗಲೇ ನೋಡಿದ್ದೆ. ಅವಳು ಪಲ್ಯ ಬಡಿಸುತ್ತ ಬಂದಾಗ ನಾನು ಬೇಕು ಎಂದು ಹೇಳುವ ಬದಲು ಬೇಡ ಎಂದೂ, ಬೇಡ ಎನ್ನುವ ಬದಲು ಬೇಕು ಎಂದೂ ಹೇಳಿ, ಎಲೆಯ ತುಂಬ ಪಲ್ಯವನ್ನೇ ಉಂಡು ಎದ್ದಿದ್ದೆ. ಅವತ್ತಿನಿಂದ ನನಗೆ ಬೇರೆ ಹೆಣ್ಣಿನ ಮಾತು ರುಚಿಸುತ್ತಿರಲಿಲ್ಲ. ಆದರೆ ಇದನ್ನು ಮಾವನಿಗೆ ಹೇಳುವುದುಂಟೇ?

ಪಂಜದವರೆಗೆ ಬಸ್ಸು, ಅಲ್ಲಿಂದ ನಡಿಗೆ, ಹೊಳೆಗೆ ದೋಣಿ. ಮಾವ ಮತ್ತು ನಾನು ಇಬ್ಬರೇ. ದಾರಿಯುದ್ದಕ್ಕೂ ಮಾವ ಒಂದೇ ಬುದ್ಧಿ ಹೇಳಿದರು. "ನೀನು ಬಾಯಿ ಬಿಡ್ಬೇಡ. ಮಾತು ನಂಗೆ ಬಿಡು."

ನಮ್ಮ ಹಿರಿಯರ ಕ್ರಮದಲ್ಲಿ ಹೆಣ್ಣು ಒಪ್ಪಿಗೆಯಾಯಿತೇ ಇಲ್ಲವೇ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಊಟ ಉಪಚಾರ ಎಲ್ಲ ಆಗುತ್ತದೆ, ಊರಿನ ಮಾತೆಲ್ಲ ಆಗುತ್ತದೆ. ಕೊನೆಗೆ ಹುಡುಗಿಯ ಮನೆಯವರು ವೀಳ್ಯದ ಹರಿವಾಣ ಮುಂದಿಡುತ್ತಾರೆ. ಗಂಡಿನ ಕಡೆಯ ಹಿರಿಯ ಅದರಿಂದ ವೀಳ್ಯ ತೆಗೆದುಕೊಂಡರೆ ಸಂಬಂಧ ಆಯಿತು. ಮುಟ್ಟದೆ ಎದ್ದರೆ ಇಲ್ಲ. ಮತ್ತೆ ಯಾರೂ ಯಾರನ್ನೂ ಏನೂ ಕೇಳುವಂತಿಲ್ಲ. ಬಹಳ ಮರ್ಯಾದೆಯ ಪದ್ಧತಿ. ಸಿಕ್ಕಿಬಿದ್ದವನಿಗೆ ಮಾತ್ರ ಉಸಿರು ಕಟ್ಟುತ್ತದೆ.

ದೇವಕಿ ಕಾಫಿ ತಂದಳು. ನನ್ನ ಎದುರು ಬಂದಾಗ ಅವಳ ಬಲಗೈಯ ಲೋಟ ಎಷ್ಟು ನಡುಗಿತೆಂದರೆ ಅರ್ಧ ಕಾಫಿ ನನ್ನ ಹೊಸ ಪಂಚೆಯ ಮೇಲೆ ಬಿತ್ತು. ನನ್ನ ರೂಪಕ್ಕೆ ಹುಡುಗಿ ಇಷ್ಟು ತತ್ತರಿಸಿದಳಲ್ಲ ಎಂದು ನಾನು ಒಳಗೊಳಗೇ ಮೀಸೆ ತಿರುವಿದೆ. ಮೀಸೆ ಆಗಿನ್ನೂ ತಿರುವುವಷ್ಟು ಬಂದಿರಲಿಲ್ಲ.

ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ನೀರ್ದೋಸೆ, ಕೋಳಿ ಸಾರು. ಮಾವ ದೋಸೆಯನ್ನು ಬಾಯಿತುಂಬ ಹೊಗಳಿ ಮತ್ತೆ ಮತ್ತೆ ಹಾಕಿಸಿಕೊಂಡರು. ಊಟ ಮುಗಿದು ಜಗಲಿಯಲ್ಲಿ ಕೂತಾಗ ಮೋನಪ್ಪ ಗೌಡರು ಉಪಚಾರಕ್ಕೆಂದು ಕೇಳಿದರು, "ನಿಮ್ಮ ಸುಳ್ಯಕ್ಕೆ ಟೆಂಟ್ ಸಿನೆಮಾ ಬರ್ತದಾ?"

"ಬಾರದೆ! ವರ್ಷ ವರ್ಷ ಬರ್ತದೆ."

"ಬಂದ್ರೆ ಸಾಕಾ, ಪಿಕ್ಚರ್ ಸಮ ಇರ್ಬೇಕಲ್ಲ. ನಮ್ಮ ಕಡಬಕ್ಕೆ ಈ ಸಲ ಒಂದು ಚೆಂಡಿನ ಪಿಕ್ಚರ್ ಬಂದಿತ್ತು ಗೌಡ್ರೆ. ಅಂಥದ್ದು ಇನ್ನು ಬರ್ಲಿಕ್ಕಿಲ್ಲ. ನಾನೇ ಅದಕ್ಕೆ ಅರ್ಥ ಹೇಳಿದ್ದು."

ಮೋನಪ್ಪ ಗೌಡರೂ ತಾಳಮದ್ದಳೆಯವರು ಎಂಬುದು ನಮಗೆ ಆಗಲೇ ಗೊತ್ತಾದದ್ದು. ಮಾವನ ಹುಬ್ಬು ಮೇಲಕ್ಕೆ ಹೋಯಿತು.

"ಚೆಂಡಿನದ್ದಾ? ಚೆಂಡಿನದ್ದು ಅಂದ್ರೆ ಸುಳ್ಯಕ್ಕೆ ಬಂದದ್ದು. ಅದರ ಮುಂದೆ ಬೇರೆ ಚೆಂಡೆಲ್ಲ ನಿಂಬೆಹಣ್ಣು."

"ನೀವು ನಮ್ಮದ್ದು ನೋಡ್ಲಿಲ್ಲ, ಅದಕ್ಕೆ ಹಾಗೆ ಹೇಳುದು. ನಮ್ಮದ್ರಲ್ಲಿ ಹುಡುಗ ಹೆಣ್ಣಿಗೋಸ್ಕರ ಹೊಡೆದದ್ದು."

"ಹೆಣ್ಣಿಗೋಸ್ಕರ ಯಾರು ಬೇಕಾದ್ರೂ ಹೊಡೀತಾರೆ. ನಮ್ಮವ ಮನೆಗೋಸ್ಕರ ಹೊಡೆದದ್ದು. ಹೆಂಗಸ್ರು ಅತ್ತು ಅತ್ತು ಸೆರಗು ಹಿಂಡಿದ್ದಾರೆ!"

"ನಮ್ಮಲ್ಲಿ ಗಂಡಸ್ರೇ ಅತ್ತದ್ದು!"

ಒಬ್ಬರ ಕತೆಯನ್ನು ಇನ್ನೊಬ್ಬರು ಕೇಳುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಇಬ್ಬರೂ ಮಾತಿನಲ್ಲಿ ಪಳಗಿದವರು, ಸೋತು ಅಭ್ಯಾಸವಿಲ್ಲದವರು. ಜಗಲಿ ತಾಳಮದ್ದಳೆಯ ಚಾವಡಿಯಾಯಿತು. ಒಳಗೆ ಬಾಗಿಲ ಹಿಂದೆ ದೇವಕಿಯ ತಾಯಿ ವೀಳ್ಯದ ಹರಿವಾಣ ಹಿಡಿದು ನಿಂತಿದ್ದರು. ಎಲ್ಲಿ ಮಾತು ನಿಲ್ಲುತ್ತದೆ, ಎಲ್ಲಿ ಇಡುವುದು ಎಂದು ಅವರಿಗೆ ಎಡೆಯೇ ಸಿಗುತ್ತಿರಲಿಲ್ಲ.

ಮೋನಪ್ಪ ಗೌಡರು ತೊಡೆ ತಟ್ಟಿದರು. "ಒಂದೇ ಮಾತು ಗೌಡ್ರೆ. ನಿಮ್ಮವ ಯಾವ ಕೈಯಲ್ಲಿ ಹೊಡೆದದ್ದು?"

"ಬಲಗೈಯಲ್ಲಿ."

"ಹಾಂ! ಬಲಗೈಯಲ್ಲಿ ಎಲ್ಲರೂ ಹೊಡೀತಾರೆ. ನಮ್ಮವ ಎಡಚ!"

ಮಾವ ನಕ್ಕರು. ಆ ನಗು ನನಗೆ ಗೊತ್ತು. ಎದುರಾಳಿ ಬಾವಿಯ ಅಂಚಿಗೆ ಬಂದಾಗ ನಗುವ ನಗು. "ಎಡಚನಾ? ಎಡಗೈಯವ ಹೀರೋ ಆಗುದುಂಟಾ ಮಾರಾಯ್ರೆ? ಎಡಗೈಯಲ್ಲಿ ಶುರು ಮಾಡಿದ ಕೆಲಸ ಊರ್ಜಿತ ಆದದ್ದುಂಟಾ? ನ್ಯಾಯವಾಗಿ ಹೇಳಿ."

ಮೋನಪ್ಪ ಗೌಡರ ಮುಖ ಕಪ್ಪಿಟ್ಟಿತು. ಒಳಗೆ ಏನೋ ಪಾತ್ರೆ ಬಿದ್ದ ಸದ್ದಾಯಿತು. ಒಂದು ಮಾತಿಗೆ ಇಷ್ಟೆಲ್ಲ ಯಾಕೆಂದು ನನಗೆ ತಿಳಿಯಲಿಲ್ಲ. ಆಮೇಲೆ ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಮಾಸ್ಟ್ರೆ, ನೀವು ಕಲಿತವರು. ನೀವು ಹೇಳಿ, ಯಾವುದು ದೊಡ್ಡದು?"

ನೀವೇ ಯೋಚಿಸಿ. ಒಂದು ಕಡೆ ಸಾಕಿ ಬೆಳೆಸಿದ ಮಾವ, ಇನ್ನೊಂದು ಕಡೆ ಮಾವನಾಗಬೇಕಾದವರು. ಸುಳ್ಯ ಎಂದರೆ ಹುಡುಗಿ ಇಲ್ಲ, ಕಡಬ ಎಂದರೆ ಮನೆ ಇಲ್ಲ. ಬಾಯಿ ಬಿಡಬೇಡ ಎಂದಿದ್ದ ಬುದ್ಧಿ ಮರೆತುಹೋಯಿತು. ಇಬ್ಬರಿಗೂ ನೋವಾಗದ ಉತ್ತರವೊಂದು ನನಗೆ ಫಕ್ಕನೆ ಹೊಳೆಯಿತು.

"ನಂಗೆ ಪುತ್ತೂರಿಗೆ ಬಂದದ್ದೇ ಹೆಚ್ಚು ಇಷ್ಟ."

ಮೋನಪ್ಪ ಗೌಡರಿಗೆ ಇದು ಕಡಬವನ್ನು ಕಡೆಗಣಿಸಿದ ಮಾತಾಯಿತು. ಮಾವನಿಗಾದದ್ದು ಅದಕ್ಕಿಂತ ಆಳದ ಗಾಯ. ಸುಳ್ಯದ ಪೆಟ್ಟಿಗೆ ಪುತ್ತೂರಿನಿಂದ ಬಂದದ್ದೆಂದು ಅವರಿಗೆ ಗೊತ್ತಿತ್ತು. ಪುತ್ತೂರಿನದು ಇಷ್ಟ ಎಂದರೆ, ಅವರ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಇಷ್ಟ ಎಂದು ಹೇಳಿದ ಹಾಗೆ.

"ಪುತ್ತೂರಿನದ್ದಾ?" ಮಾವನ ಸ್ವರ ಸಣ್ಣದಾಯಿತು. "ಅಂದ್ರೆ ನಾನು ಗಂಟಲು ಹರ್ಕೊಂಡದ್ದೆಲ್ಲ ನಿಂಗೆ ಬೇಡಾಗಿತ್ತು. ಆಯ್ತು. ಒಳ್ಳೆದಾಯ್ತು. ನಡಿ, ಹೋಗುವಾ."

ಮಾವ ಶಾಲು ಕೊಡವಿ ಹೆಗಲಿಗೆ ಹಾಕಿ ಎದ್ದೇ ಬಿಟ್ಟರು. ಹರಿವಾಣ ಇನ್ನೂ ಬಾಗಿಲ ಹಿಂದೆಯೇ ಇತ್ತು. ನಾನೂ ಏಳಬೇಕಾಯಿತು. ಕಾಫಿ ಬಿದ್ದ ಪಂಚೆಯನ್ನು ಕೊಡವುತ್ತ ಕೂತಲ್ಲೇ ತಡ ಮಾಡಿದೆ. ಮಾವ ಒಂದು ಮೆಟ್ಟಿಲು ಇಳಿದರು.

"ಮಾವ, ಒಂದು ಕೇಳ್ಬಹುದಾ?"

ದೇವಕಿ ತಾಯಿಯ ಕೈಯಿಂದ ಹರಿವಾಣ ತೆಗೆದುಕೊಂಡು ಬಾಗಿಲಿಗೆ ಬಂದಿದ್ದಳು. ಹೆಣ್ಣು ನೋಡಲು ಬಂದವರೊಡನೆ ಹುಡುಗಿ ತಾನಾಗಿ ಮಾತಾಡುವುದು ಆ ಕಾಲದಲ್ಲಿ ಕಂಡರಿಯದ್ದು. ಆದರೆ ಮಾವ ಎಂದು ಕರೆದುಬಿಟ್ಟಳಲ್ಲ, ಮಾವ ನಿಂತರು.

"ನಿಮ್ಮ ಪಿಕ್ಚರಲ್ಲಿ ನಾಯಿ ಉಂಟಾ?"

"ಉಂಟು," ಎಂದರು ಮಾವ, ಸ್ವಲ್ಪ ನಾಚಿ. "ಬಿಳಿ ನಾಯಿ, ಒಂದು ಕಿವಿ ಕಪ್ಪು."

"ನಾಯಿ ನಮ್ಮದು!" ಎಂದರು ಮೋನಪ್ಪ ಗೌಡರು.

"ಕೊಡೆ ಹಿಡ್ಕೊಂಡು ಬಯ್ಯುವ ಅಜ್ಜಿ?"

"ಅದು ನಮ್ಮ..." ಎಂದು ಇಬ್ಬರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ನಿಲ್ಲಿಸಿದರು.

"ಎರಡೂ ಒಂದೇ ಪಿಕ್ಚರ್ ಮಾವ," ಎಂದಳು ದೇವಕಿ. "ನಮ್ಮಲ್ಲಿ ಗದ್ದೆ ಸಣ್ಣದು. ಮಮ್ಮುಂಞಿ ಕಾಕ ಪರದೆಯನ್ನು ಮಧ್ಯಕ್ಕೆ ಕಟ್ಟಿ, ಎರಡೂ ಬದಿಗೆ ಕಾಣುವ ಹಾಗೆ ನೀರು ಹಾಕಿ ಚಂಡಿ ಮಾಡಿ, ಗಂಡಸ್ರನ್ನು ಮುಂದೆ, ನಮ್ಮನ್ನು ಹಿಂದೆ ಕೂರಿಸಿದ್ದು. ಮುಂದೆ ಮೆಷಿನಿನ ಗಲಾಟೆ ಅಂತ ಅಪ್ಪ ಅರ್ಥ ಹೇಳಿದ್ದೂ ಹಿಂದೆ ನಿಂತೇ. ಮೊದಲ ದಿನ ಅವ ಎಡಗೈಯಲ್ಲಿ ಹೊಡೆದದ್ದು ನೋಡಿ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ... ನಾನೂ ಎಡಚಿ ಅಲ್ವಾ."

"ದೇವಕೀ!" ಎಂದರು ಒಳಗಿನಿಂದ ತಾಯಿ.

"ಇರ್ಲಿ ಅಮ್ಮ, ನಾಳೆ ಗೊತ್ತಾಗುದೇ ಅಲ್ವಾ? ಮರುದಿನ ಅಜ್ಜಿಯೊಟ್ಟಿಗೆ ಹೋದೆ. ಅಜ್ಜಿಗೆ ನೆಲದಲ್ಲಿ ಕೂರ್ಲಿಕ್ಕೆ ಆಗುದಿಲ್ಲ, ಬೆಂಚು ಇದ್ದದ್ದು ಮುಂದೆ ಮಾತ್ರ. ಅಲ್ಲಿಂದ ನೋಡಿದ್ರೆ ಅವ ಬಲಗೈಯವ! ನಂಗೆ ಅಳುವೇ ಬಂತು. ಪರದೆಯ ಹಿಂದೆ ಕೂತವರಿಗೆ ಎಲ್ಲರೂ ಎಡಚರೇ ಮಾವ."

ಕಾಫಿ ಲೋಟ ನಡುಗಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ನನ್ನ ಇಲ್ಲದ ಮೀಸೆ ಇಳಿಯಿತು.

ಮಾವ ಮೆಟ್ಟಿಲ ಮೇಲೆಯೇ ನಿಂತಿದ್ದರು. ಎಡಗೈಯ ಬಗ್ಗೆ ತಾವು ಆಡಿದ ಮಾತು ಎಲ್ಲಿ ಹೋಗಿ ತಾಗಿತು ಎಂದು ಅವರಿಗೂ ತಿಳಿದಿರಬೇಕು. ಬಹಳ ಮೆಲ್ಲಗೆ ಕೇಳಿದರು, "ಎಡಗೈಯಲ್ಲಿ ಎಂತೆಲ್ಲ ಮಾಡ್ತೀ ಮಗಾ?"

"ಎಲ್ಲ ಮಾಡ್ತೇನೆ. ನೀವು ಈಗ ತಿಂದ ನೀರ್ದೋಸೆ ಹೊಯ್ದದ್ದೂ ಎಡಗೈಯಲ್ಲೇ."

ತಿಂದದ್ದು ಒಂದೆರಡಾಗಿದ್ದರೆ ಮಾವ ಏನಾದರೂ ಹೇಳುತ್ತಿದ್ದರೋ ಏನೋ. ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು, ಮೋನಪ್ಪ ಗೌಡರನ್ನು ಮೊದಲ ಸಲ ಕಂಡವರ ಹಾಗೆ ನೋಡಿದರು.

"ಗೌಡ್ರೆ, ಆ ಮುಖ ಮುಚ್ಚಿಕೊಂಡು ಕೂತವನನ್ನು ನೀವು ಎಂತ ಮಾಡಿದ್ರಿ?"

"ಅವನಾ? ಹುಡುಗನ ಮೂಗ ತಮ್ಮ."

"ಮೂಗ ತಮ್ಮ!" ಮಾವ ಹಣೆಗೆ ಹೊಡೆದುಕೊಂಡರು. "ಅದಕ್ಕೇ ಬೆರಳಲ್ಲಿ ಮಾತಾಡುದು! ಛೆ, ನಾನು ಅವನನ್ನು ಒಳಸಂಚಿನವ ಮಾಡಿ ಜನರ ಕೈಯಲ್ಲಿ ಮಣ್ಣು ಹೊಡೆಸಿದೆ. ಪಾಪ!" ಶಾಲು ಕೆಳಗಿಟ್ಟು ಕೂತರು. "ಮತ್ತೆ ಅವನ ಹಿಂದೆ ನಿಂತು ತೀರ್ಪು ಹೇಳುವ ಆ ಕಪ್ಪು ಕೋಟಿನವ? ಕೊನೆಗೆ ಹುಡುಗ ಓಡಿ ಬಂದು ಧೂಳಲ್ಲಿ ಬಿದ್ದಾಗ ಅವ ಎರಡೂ ಕೈ ಹೀಗೆ ಅಗಲ ಮಾಡ್ತಾನಲ್ಲ? ನಾನು ಅದಕ್ಕೆ, 'ನಿನ್ನ ಮೇಲೆ ಇನ್ನು ಯಾವ ದೋಷವೂ ಇಲ್ಲ, ಮನೆಗೆ ಹೋಗು' ಅಂತ ಹೇಳಿದೆ."

ಮೋನಪ್ಪ ಗೌಡರು ಅಂಗಳ ನೋಡಿದರು. "ನಮ್ಮದ್ರಲ್ಲಿ ಅವ ಹೆಣ್ಣಿನ ಅಪ್ಪ. ಅಳಿಯನನ್ನು ಪರೀಕ್ಷೆ ಮಾಡ್ಲಿಕ್ಕೆ ನಿಂತವ. ಕೊನೆಗೆ ಕೈ ಅಗಲ ಮಾಡಿ, 'ನೋಡು, ಇದ್ದ ಒಬ್ಬಳನ್ನೂ ನಿಂಗೆ ಕೊಟ್ಟಾಯ್ತು, ಇನ್ನು ನನ್ನ ಕೈಯಲ್ಲಿ ಎಂತದ್ದೂ ಇಲ್ಲ' ಅಂತ ಹೇಳುದು."

ಮಾವ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಗೌಡ್ರೆ, ನಿಮ್ಮದೇ ದೊಡ್ಡದು."

"ಎಂತ ಮಾತು ಮಾರಾಯ್ರೆ! ಮೂರು ಕಟ್ಟೆ ದಾಟಿ ಮನೆ ಮುಟ್ಟುದು ನಂಗೆ ಹೊಳೀಲೇ ಇಲ್ಲ. ಯಾಕೆ ಓಡುದು ಅಂತ ಜನ ಕೇಳಿದ್ರೆ ನಾನು ಬೇರೆ ಎಂತದ್ದೋ ಹೇಳಿ ಜಾರಿದ್ದು. ನಿಮ್ಮದೇ ದೊಡ್ಡದು!"

"ಇಲ್ಲ ಇಲ್ಲ, ನಿಮ್ಮದು!"

"ನೀವು ಸುಮ್ಮನಿರಿ, ನಿಮ್ಮದು!"

ಜಗಳ ಮತ್ತೆ ಶುರುವಾಯಿತು, ಮೊದಲಿನಷ್ಟೇ ಜೋರಾಗಿ, ತಿರುಗಾಮುರುಗಾ. ಆಮೇಲೆ ನಾಯಿಯ ವಿಷಯ ಬಂತು. ನಾಯಿ ಬಂದಾಗ ಮಾವ ಕೆಮ್ಮುತ್ತಿದ್ದರೆ ಮೋನಪ್ಪ ಗೌಡರು ಚೊಂಬು ಎತ್ತಿ ನೀರು ಕುಡಿಯುತ್ತಿದ್ದರಂತೆ. ಹಾಗಾದರೆ ಆ ನಾಯಿಗೆ ಒಂದು ಅರ್ಥ ಹುಡುಕದೆ ಬಿಡುವುದಿಲ್ಲ ಎಂದು ಇಬ್ಬರೂ ತಲೆಗೆ ತಲೆ ತಾಗಿಸಿ ಕೂತರು. ಬಿಸಿಲು ಅಂಗಳ ದಾಟಿ ಹಟ್ಟಿಯ ಗೋಡೆ ಹತ್ತಿತು. ನಾನೊಬ್ಬ ವರ ಅಲ್ಲಿ ಕೂತಿದ್ದೇನೆ, ಅವಳೊಬ್ಬಳು ವಧು ಬಾಗಿಲಲ್ಲಿ ನಿಂತಿದ್ದಾಳೆ ಎಂಬುದು ಇಬ್ಬರಿಗೂ ನೆನಪಿದ್ದಂತೆ ಕಾಣಲಿಲ್ಲ. ದೋಣಿಯವನು ಕತ್ತಲಾದರೆ ದಾಟಿಸುವುದಿಲ್ಲ ಎಂದು ನಾನು ಎರಡು ಸಲ ಕೆಮ್ಮಿದೆ. ನಾಯಿಯ ಎದುರು ನನ್ನ ಕೆಮ್ಮು ಯಾರಿಗೆ ಬೇಕು?

ದೇವಕಿ ನನ್ನನ್ನು ಒಮ್ಮೆ ನೋಡಿದಳು. ಮುಂದೆ ಬಂದು, ಹರಿವಾಣವನ್ನು ಇಬ್ಬರ ನಡುವೆ ಇಟ್ಟು, ಎಡಗೈಯಲ್ಲೇ ಮಾವನ ಕಡೆಗೆ ಸರಿಸಿದಳು. ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು.

"ಆ ನಾಯಿ ಹಾಗೆ ಸುಮ್ಮನೆ ಬಂದದ್ದಲ್ಲ ಗೌಡ್ರೆ," ಎನ್ನುತ್ತ ಮಾವ ಹರಿವಾಣಕ್ಕೆ ಕೈಹಾಕಿ, ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಹಚ್ಚಿ, ಅಡಿಕೆ ಸೇರಿಸಿ ಮಡಚಿ ಬಾಯಿಗಿಟ್ಟರು. ಮೋನಪ್ಪ ಗೌಡರೂ ಒಂದು ಎಲೆ ತೆಗೆದುಕೊಂಡರು. ಇಬ್ಬರೂ ಜಗಿಯುತ್ತ ನಾಯಿಯನ್ನು ಯೋಚಿಸಿದರು.

"ವೀಳ್ಯ ತೆಕ್ಕೊಂಡ್ರು!" ಎಂದು ದೇವಕಿಯ ತಾಯಿ ಒಳಗಿನಿಂದ ಎಷ್ಟು ಗಟ್ಟಿಯಾಗಿ ಹೇಳಿದರೆಂದರೆ ಹಟ್ಟಿಯ ದನಗಳು ತಲೆಯೆತ್ತಿದವು.

ಇಬ್ಬರ ದವಡೆಯೂ ನಿಂತಿತು. ಮಾವ ಹರಿವಾಣ ನೋಡಿದರು, ನನ್ನನ್ನು ನೋಡಿದರು, ಮತ್ತೆ ನಿಧಾನವಾಗಿ ಜಗಿಯತೊಡಗಿದರು. ಮೋನಪ್ಪ ಗೌಡರು ಮಗಳನ್ನೇ ನೋಡುತ್ತಿದ್ದರು. ಏನೋ ಹೇಳಬೇಕೆಂದು ಬಾಯಿ ಅಲುಗಿತು. ವೀಳ್ಯ ತುಂಬಿದ ಬಾಯಿಯಿಂದ ಮಾತು ಹೊರಡಲಿಲ್ಲ. ಅವರು ನನ್ನ ಕಡೆಗೆ ತಿರುಗಿ, ಎರಡೂ ಕೈಗಳನ್ನು ಅಗಲವಾಗಿ ಚಾಚಿದರು.